ಊಟ ಆದ್ಮೇಲೆ

ಜೂನ್ ೨೨, ಭಾನುವಾರ. ಮಾದಿಹಳ್ಳಿ

ಅಕ್ಕನಂಥ ರೋಗಿ ನನ್ನ ಶತ್ರುವಿಗೂ ಬೇಡ. ಹೃದಯಾಘಾತವಾಗಿ, ಹಾಸನದಲ್ಲಿ ಸ್ಟೆಂಟ್ ಹಾಕಿಸಿಕೊಂಡು, ಮನೆಗೆ ಬಂದು ಇನ್ನೂ ವಾರ ಕಳೆದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಖಾಲಿ. ಹುಡುಕಿಕೊಂಡು ಹೋದರೆ ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲಿಗೆ ಕೈಹಾಕಿ ಕೂತಿದ್ದಾಳೆ, ಮಹಾರಾಯ್ತಿ!

ಕೂಗಾಡಿದೆ. ಅವಳು ತಿರುಗಿಯೂ ನೋಡಲಿಲ್ಲ. “ನಿಮ್ ಭಾವ ಕೈ ಹಾಕಿದ್ರೆ ಒದೀತೈತೆ ಕಣೇ ಇದು. ಪಾಪ, ನನಗೆ ಹಾರ್ಟು ಅಂತ ಇದಕ್ಕೇನು ಗೊತ್ತು?” ಅಂದಳು.

ಭಾವ ಬಾಗಿಲಲ್ಲಿ ನಿಂತು ನಗುತ್ತಿದ್ದರು. ತೆಂಗಿನಕಾಯಿ ವ್ಯಾಪಾರದಲ್ಲಿ ಊರನ್ನೆಲ್ಲ ಗದರಿಸುವ ರೇವಣಸಿದ್ದಪ್ಪನವರು ಹೆಂಡತಿಯ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ. ಇಬ್ಬರಿಗೂ ಸೇರಿಸಿ ಬೈದೆ. ಆಮೇಲೆ ಅಕ್ಕನ ಕೈ ತೊಳೆದು, ಮುಖ ಒರೆಸಿ, ತಲೆ ಬಾಚಿ, ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿಸಿ ಮಲಗಿಸಿದೆ. ಮುಖ ದುಮ್ಮಿಸಿಕೊಂಡು ಮಲಗಿದಳು.

ನಾನು ರಜೆ ಹಾಕಿ ಬಂದದ್ದು ಇವಳಿಗಾಗಿ. ಆಗಸ್ಟಿನಲ್ಲಿ ಸರ್ಕಾರಿ ನರ್ಸ್ ಹುದ್ದೆಯ ಪರೀಕ್ಷೆ ಬೇರೆ ಇದೆ. ಅರಸೀಕೆರೆಯ ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ದುಡಿದರೂ ನಾಳೆ ಬರಬೇಡ ಎಂದರೆ ಹೊರಡಬೇಕಾದ ಕೆಲಸ ನನ್ನದು. ಮುಂದಿನ ವರ್ಷ ವಯಸ್ಸು ಮೀರುತ್ತದೆ, ಹಾಗಾಗಿ ಇದೇ ಕೊನೆಯ ಸಲ. ಪುಸ್ತಕ ಇನ್ನೂ ಚೀಲದಿಂದ ಹೊರಗೆ ಬಂದಿಲ್ಲ.

ಬರದಿದ್ದರೂ ಪರವಾಗಿಲ್ಲ. ಅಮ್ಮ ಹೋದಾಗ ನನಗೆ ಆರು ವರ್ಷ. ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಈ ಮನೆಗೆ ಬಂದಳು. ಅವಳಿಗೆ ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ “ಇದ್ದಾಳಲ್ಲ ಒಬ್ಳು, ಸಾಕಾಗೈತೆ” ಎಂದು ನನ್ನತ್ತ ಕೈ ತೋರಿಸುತ್ತಿದ್ದಳು.

ಜೂನ್ ೨೬, ಗುರುವಾರ

ಮಧ್ಯಾಹ್ನ ಕೊನೆಗೂ ಪುಸ್ತಕ ತೆಗೆದೆ. ಪುನಶ್ಚೇತನ ಶುಶ್ರೂಷೆಯ ಸಿದ್ಧಾಂತ. ಮೊದಲ ಪುಟದಲ್ಲೇ ಯಾರೋ ಕಿವಿ ಹಿಂಡಿದ ಹಾಗಾಯಿತು. ರೋಗಿಯ ಕೈಲಾಗುವ ಕೆಲಸವನ್ನು ನರ್ಸ್ ಮಾಡಬಾರದು. ಆಗದ್ದನ್ನು ಮಾತ್ರ ಮಾಡಬೇಕು. ಅದನ್ನೂ ಕಲಿಸಿ ಆದಷ್ಟು ಬೇಗ ಅವರ ಕೈಗೇ ಒಪ್ಪಿಸಬೇಕು. ಹತ್ತು ಸಲ ಬಾಯಿಪಾಠ ಮಾಡಿದ ಮಾತು ಇದು. ಅಕ್ಕನ ತಲೆ ಬಾಚುವಾಗ ಎಲ್ಲಿ ಹೋಗಿತ್ತೋ!

ಅವಳೂ ಅದನ್ನೇ ಅಂದಳು, ಅವಳ ರೀತಿಯಲ್ಲಿ. “ನನ್ನೇನು ಗೌರಿ ಮಾಡಿ ಕೂರ್ಸಿದ್ದೀಯೇನೇ? ಹಂಗಾದ್ರೆ ನೀರಿಗೂ ಬಿಟ್ಬಿಡು!”

ಸರಿ ಎಂದು ಇವತ್ತಿನಿಂದ ಒಂದೊಂದಾಗಿ ಒಪ್ಪಿಸುತ್ತಿದ್ದೇನೆ. ಸ್ನಾನ, ತಲೆ, ದೇವರ ಪೂಜೆ ಅವಳದು. ಅಂಗಳದಲ್ಲಿ ನಿಧಾನಕ್ಕೆ ನಡೆಯುವುದು. ಮಾತ್ರೆಯನ್ನೂ ಅವಳ ಕೈಗೇ ಕೊಟ್ಟೆ. ಚಿಕ್ಕ ಬಿಳಿಯದು ಎದೆಬಡಿತ ಹತೋಟಿಗೆ, ಬೆಳಿಗ್ಗೆ. ಹಳದಿ ಗುಂಡು ಮಾತ್ರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದು. ಅದರ ಬಲ ಅರ್ಧ ದಿನ ಮಾತ್ರ, ಅದಕ್ಕೇ ಎರಡು ಸಲ.

“ಹಳದೀದು ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು, ರಾತ್ರಿ ಊಟ ಆದ್ಮೇಲೆ ಒಂದು. ಎಲ್ಲಿ, ತಿರುಗಿ ಹೇಳು ನೋಡೋಣ.”

ಇಸ್ಕೂಲು ಹುಡುಗಿಯ ಹಾಗೆ ಕೈಕಟ್ಟಿ ನಿಂತು ಒಪ್ಪಿಸಿದಳು. ಒಂದಕ್ಷರ ತಪ್ಪಲಿಲ್ಲ. ಆಮೇಲೆ ಕೇಳಿದಳು, “ಬರೀ ಹೊಟ್ಟೇಲಿ ತಗೋಬೋದಾ?”

“ಬೇಡ, ಉರಿ ಬರುತ್ತೆ” ಅಂದೆ. ವಾರ್ಡಿನಲ್ಲಿ ದಿನಕ್ಕೆ ನೂರು ಸಲ ಹೇಳುವ ಮಾತು.

“ಪಾಸಾ ನಾನು?” ಅಂದಳು. ಪಾಸು ಅಂದೆ. ಭಾವನನ್ನು ಕೂಗಿ ಕರೆದು, ತಾನು ಪಾಸಾದೆ ಎಂದು ಹೇಳಿಕೊಂಡಳು.

ಜುಲೈ ೫, ಶನಿವಾರ. ಅರಸೀಕೆರೆ

ಕೆಲಸಕ್ಕೆ ಬಂದು ಐದು ದಿನ. ಹೊಸದಾಗಿ ಸೇರಿದ ಗಾನವಿಯನ್ನು ನನ್ನ ಕೈಕೆಳಗೆ ಹಾಕಿದ್ದಾರೆ. ಬುದ್ಧಿವಂತೆ, ಆದರೆ ಮಾತು ಜಾಸ್ತಿ. ಹೃದಯದ ಮಾತ್ರೆಗಳ ವಿಷಯದಲ್ಲಿ ಇವತ್ತು ಅವಳ ಬೆವರಿಳಿಸಿದೆ. ಡಿಜಾಕ್ಸಿನ್ ಕೊಡುವ ಮೊದಲು ಏನು ನೋಡ್ತೀಯ? ನಾಡಿ. ಎಷ್ಟು ಹೊತ್ತು? ಪೂರ್ತಿ ಒಂದು ನಿಮಿಷ. ಅರವತ್ತಕ್ಕಿಂತ ಕಡಿಮೆ ಇದ್ದರೆ? “ಕೊಡಲ್ಲ, ಡಾಕ್ಟರಿಗೆ ಹೇಳ್ತೀನಿ ಅಕ್ಕ.” ಡಾಕ್ಟರು ಬೈದರೆ? “ನಿಮ್ಮ ಹೆಸರು ಹೇಳ್ತೀನಿ ಅಕ್ಕ.” ನಗು ತಡೆಯಲಾಗಲಿಲ್ಲ.

ರೋಗಿಗಳ ಜೊತೆ ಹೇಗೆ ಮಾತಾಡಬೇಕು ಎಂಬುದನ್ನೂ ಕಲಿಸುತ್ತಿದ್ದೇನೆ. ಹಳ್ಳಿಯ ಜನಕ್ಕೆ ಮಿಲಿಗ್ರಾಂ ಬೇಡ, ಬಣ್ಣ ಹೇಳು. ಗಂಟೆ ಬೇಡ, ತಿಂಡಿ ಆದ್ಮೇಲೆ, ಊಟ ಆದ್ಮೇಲೆ ಅನ್ನು, ಮರೆಯಲ್ಲ. ಹನ್ನೊಂದು ವರ್ಷದ ಅನುಭವ ನನ್ನದು, ಸುಮ್ಮನೆ ಅಲ್ಲ.

ಅಕ್ಕ ಫೋನಿನಲ್ಲಿ ಗಟ್ಟಿ ದನಿಯಲ್ಲಿ ಮಾತಾಡಿದಳು.

ಜುಲೈ ೧೩, ಭಾನುವಾರ. ಮಾದಿಹಳ್ಳಿ

ಒಂದು ದಿನಕ್ಕೆ ಬಂದೆ. ಹಳೇಬೀಡಿನಲ್ಲಿ ಬಸ್ಸು ತಪ್ಪಿಸಿಕೊಂಡು ಒಂದು ತಾಸು ಕಾದೆ. ಮನೆಗೆ ಬಂದರೆ ಅಕ್ಕ ಇಲ್ಲ, ಡೈರಿಗೆ ಹೋಗಿದ್ದಾಳೆ. ಹಾಲಿನ ಕ್ಯಾನು ಭಾವನ ಕೈಯಲ್ಲಿ, ಇವಳು ಬರಿಗೈ ಬೀಸಿಕೊಂಡು ಅವರಿಗಿಂತ ಮುಂದೆ ನಡೆದು ಬಂದಳು. ಉಸಿರು ಸರಿಯಾಗಿದೆ, ಕಾಲು ಊದಿಲ್ಲ, ಮುಖದಲ್ಲಿ ಕಳೆ ಬಂದಿದೆ. ಖುಷಿಗೆ ಅಳು ಬಂತು. ತೋರಿಸಿಕೊಳ್ಳಲಿಲ್ಲ. ಪುಸ್ತಕದಲ್ಲಿ ಇರುವುದು ಸುಳ್ಳಲ್ಲ. ಒಪ್ಪಿಸಿದರೆ ಮನುಷ್ಯ ಏಳುತ್ತಾನೆ.

ಊಟಕ್ಕೆ ಕೂತಾಗ ಹೊಸ ರಾಗ ತೆಗೆದಳು. ಶ್ರಾವಣ ಹುಟ್ಟಿದ ಮೇಲೆ ಜೇನುಕಲ್ ಬೆಟ್ಟ ಹತ್ತಿ ಅಲ್ಲಿಯ ಸಿದ್ದಪ್ಪ ದೇವರಿಗೆ ಕಾಯಿ ಒಡೆಸಬೇಕಂತೆ, ನನ್ನ ಪರೀಕ್ಷೆಗೆ.

“ತಲೆ ಕೆಟ್ಟಿದೆಯಾ ನಿಂಗೆ? ಆ ಮೆಟ್ಟಿಲು ಹತ್ತಿದ್ರೆ ನನ್ನ ಪರೀಕ್ಷೆ ಇರಲಿ, ನೀನೇ ಇರಲ್ಲ!” ಅಂತ ರೇಗಿದೆ. ಭಾವನಿಂದಲೂ ಪ್ರಮಾಣ ಮಾಡಿಸಿದೆ, ಕರೆದುಕೊಂಡು ಹೋಗಲ್ಲ ಅಂತ.

“ಆಯ್ತು ಬಿಡವ್ವ ತಾಯಿ, ಹತ್ತಲ್ಲ” ಅಂದಳು. ಇಷ್ಟು ಬೇಗ ಒಪ್ಪುವವಳಲ್ಲ. ನನ್ನ ಮಾತಿಗೆ ಕೊನೆಗೂ ಒಂದು ಬೆಲೆ ಬಂತು.

ಜುಲೈ ೨೮, ಸೋಮವಾರ. ಅರಸೀಕೆರೆ

ಓದಿದ್ದೆಲ್ಲ ತಲೆಯಿಂದ ಸೋರಿ ಹೋಗುತ್ತಿದೆ. ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಮಾತ್ರೆ ತಪ್ಪಿಸ್ತಿಲ್ಲ ತಾನೆ ಅಂದರೆ, “ಊಟ ಆದ್ಮೇಲೆ ತಗೊಳ್ದೆ ಇರ್ತೀನೇನೇ? ಪೊಲೀಸ್ನೋರ ಹಂಗೆ ದಿನಾ ಕೇಳ್ತೀಯಲ್ಲ” ಅಂತ ನನಗೇ ಜೋರು ಮಾಡಿದಳು.

ಆಗಸ್ಟ್ ೧೦, ಭಾನುವಾರ

ಮಾದಿಹಳ್ಳಿಗೆ ಹೋಗಬೇಕು ಅಂದುಕೊಂಡಿದ್ದೆ. ಅಕ್ಕನೇ ಬೇಡ ಅಂದಳು. “ಇನ್ನೊಂದು ವಾರ ಐತೆ, ಕೂತು ಓದು. ಪರೀಕ್ಷೆ ಮುಗಿಸ್ಕೊಂಡೇ ಬಾ.” ದನಿ ಸ್ವಲ್ಪ ಸಣ್ಣಗಿತ್ತು. ಸುಸ್ತಾ ಎಂದು ಕೇಳಿದೆ. ಸಂಜೆ ಆದರೆ ಕೈಕಾಲು ಸೋಲುತ್ತವಂತೆ. ಎದೆಬಡಿತದ ಮಾತ್ರೆಗೆ ಅಷ್ಟು ಸುಸ್ತು ಇದ್ದದ್ದೇ, ಅದರ ಅಡ್ಡಪರಿಣಾಮಗಳಲ್ಲಿ ಅದೇ ಮೊದಲನೆಯದು. ಹಾಗಂತ ವಿವರಿಸಿದೆ. “ಹಂಗಾ? ಹಂಗಾದ್ರೆ ಸರಿ ಬಿಡು” ಅಂದಳು, ಏನೋ ಸಮಾಧಾನವಾದವಳ ಹಾಗೆ.

ಬರೆಯುವಾಗ ಈಗ ಅನಿಸುತ್ತಿದೆ, ಹೋಗಿ ಬಂದಿದ್ದರೆ ಚೆನ್ನಾಗಿತ್ತು. ಇರಲಿ, ಒಂದೇ ವಾರ.

ಆಗಸ್ಟ್ ೧೬, ಶನಿವಾರ

ನಾಳೆ ಹಾಸನದಲ್ಲಿ ಪರೀಕ್ಷೆ. ಅಕ್ಕ ಫೋನ್ ಮಾಡಿ, ತಲೆಗೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಹೋಗು ಅಂದಳು. ಮೂವತ್ತೇಳು ವರ್ಷದ ಹೆಂಗಸಿಗೆ, ಪೆನ್ನು ಎರಡು ತಗೊಂಡ್ಯಾ ಅಂತ ಕೇಳಿದಳು.

“ನಿಂಗೆ ಆಗೇ ಆಯ್ತದೆ ಕಣೇ ಪುಟ್ಟಿ. ನಂಗೊತ್ತು.”

ಹೇಗೆ ಗೊತ್ತು ಅಂದರೆ ನಕ್ಕು ಫೋನ್ ಇಟ್ಟಳು.

ಆಗಸ್ಟ್ ೧೮, ಸೋಮವಾರ. ಮಾದಿಹಳ್ಳಿ

ಅಕ್ಕ ಹೋಗಿಬಿಟ್ಟಳು.

ಇವತ್ತು ಮಧ್ಯಾಹ್ನ ತೋಟದಲ್ಲಿ ಮಣ್ಣು ಮಾಡಿದರು.

ನಿನ್ನೆ ಬೆಳಿಗ್ಗೆ ಹಸು ಕರೆದು ಎದ್ದವಳು ಎದೆ ಹಿಡಿದುಕೊಂಡು ಕೂತಳಂತೆ. ಭಾವ ತಕ್ಷಣ ಗಾಡಿ ಮಾಡಿಕೊಂಡು ಹೊರಟಿದ್ದಾರೆ. ಹಳೇಬೀಡು ದಾಟಿ ಹಾಸನದ ದಾರಿಯಲ್ಲೇ ಹೋಗಿಬಿಟ್ಟಿದೆ ಜೀವ. ಹಾಸನದಲ್ಲಿ ನಾನಿದ್ದೆ. ಅವಳು ಬರುತ್ತಿದ್ದ ಊರಿನಲ್ಲೇ ಕೂತು ಉತ್ತರ ಗುರುತು ಹಾಕುತ್ತಿದ್ದೆ.

ಅವಳ ಹಳದಿ ಮಾತ್ರೆಯ ಮೇಲೇ ಒಂದು ಪ್ರಶ್ನೆ ಬಂದಿತ್ತು. ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ಮಧ್ಯೆ ಬಿಟ್ಟರೆ ಆಗುವ ದೊಡ್ಡ ಅಪಾಯ ಯಾವುದು? ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವುದು. ಯೋಚಿಸದೆ ಗುರುತು ಹಾಕಿದೆ. ನಿನ್ನ ಮಾತ್ರೆ ನನ್ನ ಪರೀಕ್ಷೆಗೆ ಬಂದಿತ್ತು ಕಣೇ ಎಂದು ಅವಳನ್ನು ನಗಿಸಬೇಕು ಅಂತ ಹೊರಗೆ ಬಂದು ಫೋನ್ ಆನ್ ಮಾಡಿದೆ.

ಇನ್ನು ಬರೆಯಲು ಆಗುವುದಿಲ್ಲ.

ಆಗಸ್ಟ್ ೨೦, ಬುಧವಾರ

ಅಕ್ಕನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದೆವು. ಪಕ್ಕದ ಮನೆಯ ಅನುಸೂಯಮ್ಮ ಅನ್ನ ಸಾರು ತಂದು ಭಾವನ ಮುಂದೆ ಇಟ್ಟು, ಎರಡು ತುತ್ತಾದರೂ ಉಣ್ಣಿ ಎಂದು ಬಲವಂತ ಮಾಡಿದರು. ಭಾವ ತಟ್ಟೆ ನೋಡುತ್ತಾ ಕೂತರು.

“ಈ ತಿಂಗಳೆಲ್ಲಾ ರಾತ್ರಿ ನಾನೊಬ್ನೇ ಉಂಡೆ. ಅವ್ಳು ಎದುರಿಗೆ ಕೂತ್ಕೊಂಡು ನೋಡೋಳು” ಅಂದರು.

“ಯಾಕೆ ಭಾವ? ಅವಳು ಉಣ್ತಿರಲಿಲ್ವಾ?”

“ಒಂದೊತ್ತು ಹಿಡಿದಿದ್ಲಲ್ಲವ್ವ. ಶ್ರಾವಣ ಪೂರ್ತಿ. ಮಧ್ಯಾನ ಒಂದೇ ಊಟ. ಬೆಟ್ಟ ಹತ್ತಬ್ಯಾಡ ಅಂದ್ಯಲ್ಲ ನೀನು, ಅದಕ್ಕೆ ಸಿದ್ದಪ್ಪಂಗೆ ಇದನ್ನ ಹೇಳ್ಕೊಂಡ್ಲು. ನಿನ್ ಕೆಲಸ ಗೌರ್ಮೆಂಟ್ ಆಗ್ಲಿ ಅಂತ. ನಿಂಗೆ ಗೊತ್ತಾದ್ರೆ ಬಿಡಿಸ್ತೀಯ ಅಂತ ನನ್ ಬಾಯೂ ಕಟ್ಟಿದ್ಲು.”

“ಮಾತ್ರೆ?” ಅಂದೆ.

“ಬೆಳಗಿಂದು ಮಧ್ಯಾನ ಉಂಡಾದ್ಮೇಲೆ ತಗೊಳ್ಳೋಳು. ರಾತ್ರಿ ಊಟಾನೇ ಇಲ್ವಲ್ಲ, ಇನ್ನೆಲ್ಲೀ ಮಾತ್ರೆ? ಬರೀ ಹೊಟ್ಟೇಲಿ ಬ್ಯಾಡ ಅಂತ ನೀನೇ ಹೇಳಿದ್ಯಂತಲ್ಲ.” ಭಾವ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. “ನಿನ್ ಮಾತು ಒಂದಿನ ಮೀರ್ಲಿಲ್ಲ ಕಣವ್ವ ಅವ್ಳು.”

ಹಿತ್ತಲಿಗೆ ಓಡಿದೆ. ಬರೀ ಹುಳಿನೀರು ವಾಂತಿಯಾಯಿತು. ಅನುಸೂಯಮ್ಮ ಬೆನ್ನು ನೀವಿ, ಮೂರು ದಿನದಿಂದ ಏನೂ ತಿಂದಿಲ್ಲ ಅದಕ್ಕೇ ಪಿತ್ತ ಅಂದರು. ಹೌದು ಅಂದೆ.

ಆಗಸ್ಟ್ ೨೧, ಗುರುವಾರ

ನಾನು ಹೇಳಿದ್ದು ಹೊತ್ತು. ರಾತ್ರಿ ಊಟದ ಹೊತ್ತು. ಅವಳು ಕೇಳಿಸಿಕೊಂಡದ್ದು ಊಟ. ಉಂಡರೆ ಮಾತ್ರೆ, ಉಣ್ಣದಿದ್ದರೆ ಇಲ್ಲ. ಬೆಳಗಿನದು ಮಧ್ಯಾಹ್ನಕ್ಕೆ ಹೋಯಿತು, ರಾತ್ರಿಯದು ಇಲ್ಲವೇ ಇಲ್ಲ. ಬರೀ ಹೊಟ್ಟೆಯಲ್ಲಿ ತಗೊಂಡರೂ ಆ ಹಳದಿ ಮಾತ್ರೆಯಿಂದ ಅಂಥ ಕೇಡೇನೂ ಇಲ್ಲ. ಅದು ನನಗೆ ಗೊತ್ತಿತ್ತು! ಬಾಯಿ ಅಭ್ಯಾಸಕ್ಕೆ ಬೇಡ ಅಂದೆ. ಸಂಜೆ ಸಂಜೆ ಕೈಕಾಲು ಸೋತದ್ದು ಹಸಿವಿಗೆ. ನಾನು ಅಡ್ಡಪರಿಣಾಮ ಅಂತ ಪಾಠ ಹೇಳಿದೆ.

ಹಾಸನದ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. “ಅದರಿಂದಲೇ ಆಯ್ತು ಅಂತ ಖಂಡಿತವಾಗಿ ಹೇಳೋಕಾಗಲ್ಲ ಸಿಸ್ಟರ್. ಆಗಿರಬಹುದು” ಅಂದರು. ಒಳ್ಳೆಯವರು, ದನಿ ತಗ್ಗಿಸಿ ಹೇಳಿದರು. ನಾನೂ ರೋಗಿಗಳ ಮನೆಯವರಿಗೆ ಹಾಗೇ ತಗ್ಗಿಸಿ ಹೇಳುತ್ತೇನೆ.

ಅಕ್ಕನ ಮೇಲೆ ಸಿಟ್ಟು ಬರುತ್ತಿದೆ. ಒಂದು ಮಾತು ಕೇಳಬಾರದಿತ್ತೇನೇ? ದಿನಾ ಫೋನ್ ಮಾಡುತ್ತಿದ್ದೆನಲ್ಲ. ಯಾರು ಕೇಳಿದ್ದರು ನಿನ್ನ ಹರಕೆ? ಬೇಡ ನನಗೆ ಈ ಕೆಲಸ. ನೀನು ಬೇಕು.

ಸೆಪ್ಟೆಂಬರ್ ೯, ಮಂಗಳವಾರ. ಅರಸೀಕೆರೆ

ವಾರ್ಡಿಗೆ ಬಂದೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ.

ಬೆಳಿಗ್ಗೆ ಮುದ್ದಮ್ಮ ಅನ್ನುವ ಮುದುಕಿ ಮನೆಗೆ ಹೊರಟಿದ್ದಳು. ಗಾನವಿ ಮಾತ್ರೆ ಕೈಗೆ ಕೊಟ್ಟು, “ಊಟ ಆದ್ಮೇಲೆ ತಗೊಳ್ಳಿ ಅಜ್ಜಿ” ಅಂದಳು. ನನಗೇನಾಯಿತೋ, ಎಲ್ಲರ ಮುಂದೆ ಅವಳ ಮೇಲೆ ಕಿರುಚಿದೆ. “ಊಟ ಮಾಡ್ದೆ ಇದ್ರೆ? ಕೇಳಿದ್ಯಾ? ಅಜ್ಜಿ ಉಪವಾಸ ಮಾಡ್ತಾಳಾ ಇಲ್ವಾ ಕೇಳಿದ್ಯಾ?” ಹುಡುಗಿ ಬಿಳಿಚಿಕೊಂಡಳು. “ನೀವೇ ಹಂಗೆ ಹೇಳಿಕೊಟ್ಟಿದ್ದು ಅಕ್ಕ” ಅಂದಳು, ಮೆಲ್ಲಗೆ.

ಹೌದು, ನಾನೇ.

ಮುದ್ದಮ್ಮನ ಪಕ್ಕ ಕೂತು ಕೇಳಿದೆ. ಸೋಮವಾರ ಒಂದೊತ್ತು, ಏಕಾದಶಿಗೆ ಏನೂ ಇಲ್ಲ, ಅಮಾವಾಸ್ಯೆಗೆ ಬರೀ ಹಣ್ಣು. “ಆವತ್ತು ಮಾತ್ರೆ ಬ್ಯಾಡ ತಾನೆ ಮಗ?” ಅಂದಳು. ಬೇಕು ಅಜ್ಜಿ, ಉಂಡರೂ ಬೇಕು, ಉಣ್ಣದಿದ್ದರೂ ಬೇಕು, ದೇವರ ಮನೆಯಲ್ಲಿ ಸಂಜೆ ದೀಪ ಹಚ್ಚಿದ ತಕ್ಷಣ ತಗೋ ಅಂದೆ. ಅವಳಿಗೆ ಅದು ತಟ್ಟನೆ ಹಿಡಿಸಿತು. ಇಷ್ಟೇ ಇತ್ತು ಹೇಳಬೇಕಾದದ್ದು. ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಗಾನವಿ ಬಾಗಿಲ ಹೊರಗೆ ನಿಂತೇ ಇದ್ದಳು.

ಅಕ್ಟೋಬರ್ ೫, ಭಾನುವಾರ. ಮಾದಿಹಳ್ಳಿ

ಭಾವ ಇಳಿದು ಹೋಗಿದ್ದಾರೆ. ವ್ಯಾಪಾರಕ್ಕೂ ಹೋಗುತ್ತಿಲ್ಲ. ಹಸುವನ್ನು ಕೊಟ್ಟುಬಿಟ್ಟರಂತೆ. ಅನುಸೂಯಮ್ಮ ತಂದಿಟ್ಟ ಊಟ ಹಾಗೇ ಇರುತ್ತದೆ. ನನ್ನನ್ನು ನೋಡಿದರೆ ಮಾತ್ರ ಒಂದಷ್ಟು ಮಾತಾಡುತ್ತಾರೆ, ಅದೂ ಒಂದೇ ಮಾತು. “ರಿಸಲ್ಟು ಯಾವಾಗವ್ವ?”

ಅವರಿಗೆ ನಿಜ ಹೇಳಬೇಕು. ಅವರ ಹೆಂಡತಿ ಹೇಗೆ ಹೋದಳು ಎಂಬುದು ಅವರಿಗೆ ಗೊತ್ತಿರಬೇಕಾದದ್ದೇ. ಮುಚ್ಚಿಡುವುದು ನನ್ನ ಜಾಯಮಾನವಲ್ಲ. ತಪ್ಪು ಮಾಡಿದ ಸಿಸ್ಟರುಗಳನ್ನು ನಾನೇ ಎಳೆದು ನಿಲ್ಲಿಸಿ ಒಪ್ಪಿಸಿದ್ದೇನೆ. ಭಾವ, ನಾನು ಹೇಳಿಕೊಟ್ಟದ್ದು ತಪ್ಪಾಗಿತ್ತು, ಅದಕ್ಕೇ ಅಕ್ಕ ಹೋದಳು. ಇಷ್ಟೇ ವಾಕ್ಯ. ಬಸ್ಸಿನಲ್ಲಿ ದಾರಿಯುದ್ದ ಹೇಳಿಕೊಂಡು ಬಂದೆ. ಅವರ ಎದುರು ಕೂತಾಗ, ಹಸುವನ್ನು ಎಷ್ಟಕ್ಕೆ ಕೊಟ್ಟಿರಿ ಅಂತ ಕೇಳಿದೆ. ಮುಂದಿನ ಸಲ ಹೇಳಿಯೇ ಹೇಳುತ್ತೇನೆ.

ನವೆಂಬರ್ ೧೪, ಶುಕ್ರವಾರ. ಅರಸೀಕೆರೆ

ಫಲಿತಾಂಶ ಬಂತು. ಆಯ್ಕೆಯಾಗಿದ್ದೇನೆ. ಗಾನವಿ ಕುಣಿದಳು, ಡಾಕ್ಟರು ಕೈಕುಲುಕಿದರು. ಯಾರಿಗೋ ಬಂದ ಸುದ್ದಿಯ ಹಾಗೆ ಕೇಳಿಸಿಕೊಂಡೆ. ಭಾವನಿಗೆ ಫೋನ್ ಮಾಡಿ ಹೇಳಿದೆ. ನಿಜಾನಾ ಎಂದು ಎರಡು ಸಲ ಕೇಳಿದರು.

ನವೆಂಬರ್ ೧೬, ಭಾನುವಾರ

ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಿಗೆ ತೆಗೆದರೆ ಭಾವ. ಮೊದಲನೇ ಬಸ್ಸಿಗೇ ಬಂದಿದ್ದಾರೆ. ಗಡ್ಡ ತೆಗೆಸಿಕೊಂಡು, ಒಗೆದ ಪಂಚೆ ಉಟ್ಟು, ಹಣೆ ತುಂಬಾ ವಿಭೂತಿ. ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ. ಅಕ್ಕ ಹೋದ ಮೇಲೆ ಇವತ್ತೇ ಅವರ ಮುಖದಲ್ಲಿ ಜೀವ ಕಂಡದ್ದು.

ಕೂತ ತಕ್ಷಣ ಶುರು ಮಾಡಿದರು. ಊರಿಗೆಲ್ಲ ಹೇಳಿದರಂತೆ. ಕಾಯಿ ಮಂಡಿಯವರಿಗೆ, ಡೈರಿಯವರಿಗೆ, ಬಸ್ಸಿನ ಕಂಡಕ್ಟರಿಗೆ ಕೂಡ. ನಿನ್ನೆ ರಾತ್ರಿ ಹೊಟ್ಟೆ ತುಂಬಾ ಉಂಡರಂತೆ, ಅನುಸೂಯಮ್ಮನನ್ನು ಕೇಳಿ ಇನ್ನೊಂದು ಮುದ್ದೆ ಹಾಕಿಸಿಕೊಂಡು. ನಾಳೆಯಿಂದ ವ್ಯಾಪಾರಕ್ಕೂ ಹೋಗುತ್ತಾರಂತೆ.

ನಾನು ಎದುರಿಗೆ ಕೂತೆ. ಆ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. “ಭಾವ, ನಿಮಗೊಂದು ಮಾತು ಹೇಳಬೇಕು” ಅಂದೆ.

ಅವರು ಕೇಳಿಸಿಕೊಳ್ಳಲಿಲ್ಲವೋ ಏನೋ. ಪೊಟ್ಟಣದ ದಾರ ಬಿಚ್ಚಿ, ಒಂದು ತುಂಡು ನನ್ನ ಕೈಗೆ ಕೊಟ್ಟರು.

“ನಂಗೆ ಒಂದೊಂದ್ಸಲ ಹೊಟ್ಟೆ ಉರೀತಿತ್ತವ್ವ. ಅಷ್ಟು ದಿನ ಉಪಾಸ ಇದ್ಲಲ್ಲ, ಏನ್ ಸಿಕ್ತು ಅವ್ಳಿಗೆ ಅಂತ. ಈಗ ಸಮಾಧಾನ ಆಯ್ತು. ಸುಮ್ನೆ ಹೋಗ್ಲಿಲ್ಲ ಅವ್ಳು.” ನನ್ನ ಮುಖವನ್ನೇ ನೋಡಿದರು. “ನೀನು ಓದ್ದೋಳು, ನೀನೇ ಹೇಳು. ಅವ್ಳು ಒಂದೊತ್ತು ಹಿಡಿದಿದ್ದಕ್ಕೇ ತಾನೆ ಇದಾಗಿದ್ದು?”

ಮೈಸೂರು ಪಾಕು ಕೈಯಲ್ಲಿ ಪುಡಿಯಾಗುತ್ತಿತ್ತು. ಅವರು ಕಾಯುತ್ತಾ ಕೂತಿದ್ದರು.

“ಹೌದು ಭಾವ” ಅಂದೆ. “ಅದಕ್ಕೇ ಆಗಿದ್ದು.”

ಅವರು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ನಾನು ಎದ್ದು ಕಾಫಿಗೆ ಇಡಲು ಒಳಗೆ ಹೋದೆ.